ನಾಯಿಯ ಗಡ್ಡೆಗೆ ಬರೆ ಬೇಡ. ಅಳೆದ ಕಾವು ಕೊಡುವ ಜಾಗ ಗದಗಿನಲ್ಲಿ ಆಗಲಿ

ಸಂಪಾದಕರಿಗೆ ನಮಸ್ಕಾರಗಳು.

ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ದುಡಿದು ನಿವೃತ್ತನಾದವನು ನಾನು. ಹೆಚ್ಚಿನ ಕಾಲ ಸ್ಪ್ರಿಂಗ್ ಶಾಪಿನ ಭಟ್ಟಿಯ ಮುಂದೆಯೇ ಕಳೆಯಿತು. ಬೋಗಿಯ ಸ್ಪ್ರಿಂಗನ್ನು ಎಷ್ಟು ಕಾಸಬೇಕು, ಎಷ್ಟು ಹೊತ್ತು ಆ ಕಾವಿನಲ್ಲಿ ಹಿಡಿಯಬೇಕು, ಯಾವಾಗ ಎಣ್ಣೆಗೆ ಇಳಿಸಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಪತ್ರಿಕೆಗೆ ಪತ್ರ ಬರೆದು ರೂಢಿಯಿಲ್ಲ. ಹೋದ ವಾರ ಕುಂದಗೋಳದಲ್ಲಿ ಬೀಗರ ಮನೆಯ ಮದುವೆಗೆ ಹೋಗಿದ್ದಾಗ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ರೈತರೊಬ್ಬರು ಆಡಿದ ಮಾತು ಈ ಪತ್ರ ಬರೆಸುತ್ತಿದೆ. "ನಮ್ಮ ನಾಯಿಗೂ ಹಿಂಗಾಲಿಗೆ ಗಂಟ ಎದ್ದೈತ್ರಿ. ಅಮಾಸಿ ಮುಗದ ಮ್ಯಾಲೆ ಚುಟಗಿ ಕೊಡಸಬೇಕಂತ ಮಾಡೇವಿ" ಅಂದರು. ಬಾಯಲ್ಲಿದ್ದ ತುತ್ತು ಒಳಗೆ ಇಳಿಯಲಿಲ್ಲ. ಯಾಕೆಂದರೆ ಅದೇ ಚುಟಗಿಯನ್ನು, ಅಂದರೆ ಕಾಸಿದ ಕಬ್ಬಿಣದ ಬರೆಯನ್ನು, ನಮ್ಮ ನಾಯಿಗೆ ನಾನೂ ಕೊಡಿಸಿದವನು.

ನಮ್ಮ ನಾಯಿಯ ಹೆಸರು ಚಿಗರಿ. ಮುಧೋಳ ತಳಿಯ ಹೆಣ್ಣು. ಮರಿ ಇದ್ದಾಗ ಅಂಗಳದಲ್ಲಿ ನೆಲಕ್ಕೆ ಕಾಲು ತಾಗಿಸದವರಂತೆ ಜಿಗಿಯುತ್ತಿದ್ದಳೆಂದು ನಮ್ಮ ಮನೆಯವರು ಆ ಹೆಸರಿಟ್ಟರು. ಅವಳಿಗೆ ಒಂಬತ್ತು ತುಂಬಿದ ವರ್ಷ, ಶ್ರಾವಣದ ಒಂದು ಸೋಮವಾರ, ಮೈ ತೊಳೆಯುವಾಗ ಎಡ ಮುಂಗಾಲಿನ ಮೊಣಕೈ ಕೆಳಗೆ ಶೇಂಗಾ ಕಾಳಿನಷ್ಟು ಗಟ್ಟಿ ಗಂಟು ನನ್ನ ಬೆರಳಿಗೆ ಹತ್ತಿತು. ಒತ್ತಿದರೆ ನೋವಿಲ್ಲ, ಕುಂಟುವುದಿಲ್ಲ, ಊಟ ಬಿಟ್ಟಿಲ್ಲ. ಒಂದು ಕಡೆ ತೋರಿಸಿದೆ. ಕೈಯಿಂದ ಮುಟ್ಟಿ, "ಕೊಬ್ಬಿನ ಗಂಟು, ಇರಲಿ ಬಿಡ್ರಿ" ಅಂದರು. ಸೂಜಿ ಹಾಕಲಿಲ್ಲ. ಹಾಕಬೇಕೆಂದು ಕೇಳಲು ನನಗೂ ತಿಳಿವಳಿಕೆ ಇರಲಿಲ್ಲ. ದಸರೆಯ ಹೊತ್ತಿಗೆ ಅದು ನಿಂಬೆಕಾಯಿ ಆಗಿತ್ತು.

ಮೊದಲು ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟೆವು. ಆಮೇಲೆ ಸುಣ್ಣ ಬೆಲ್ಲ ಕಲಸಿ ಹಚ್ಚಿದೆವು. ದೀಪಾವಳಿ ಮುಗಿದ ಮೇಲೆ ಹಿರಿಯರೊಬ್ಬರು ಊರ ಹೆಸರು ಹೇಳಿ, ಅಲ್ಲಿ ಎತ್ತುಗಳಿಗೆ ಚುಟಗಿ ಕೊಡುವವರಿದ್ದಾರೆ, ಗಂಟು ಕರಗುತ್ತದೆ ಅಂದರು. ಹೋದೆವು. ಬೆರಣಿಯ ಕೆಂಡದಲ್ಲಿ ಕುಡಗೋಲಿನ ತುದಿ ಇತ್ತು. ನಾನು ಚಿಗರಿಯ ಕುತ್ತಿಗೆಯನ್ನು ತೊಡೆಯ ಮೇಲೆ ಅವುಚಿ ಹಿಡಿದೆ, ನನ್ನ ತಂಗಿಯ ಮಗ ಹಿಂಗಾಲು ಹಿಡಿದ. ಮೂರು ಗೆರೆ ಎಳೆದರು. ಮೊದಲ ಗೆರೆಗೆ ಅವಳು ಕೂಗಿದಳು. ಎರಡನೆಯದಕ್ಕೆ ಕೂಗಲಿಲ್ಲ, ಕತ್ತು ಎತ್ತಿ ನನ್ನ ಮುಖ ನೋಡಿದಳು. ಮುಧೋಳ ನಾಯಿಯ ಕಣ್ಣು ನೋಡಿದವರಿಗೆ ಗೊತ್ತು, ಅದು ಉದ್ದ ಮುಖದಲ್ಲಿ ಎಷ್ಟು ದೊಡ್ಡದಾಗಿ ತೆರೆದಿರುತ್ತದೆ ಎಂದು. ಮೂರನೆಯದು ಮುಗಿಯುವಷ್ಟರಲ್ಲಿ ನನ್ನ ಪಂಚೆ ಒದ್ದೆಯಾಗಿತ್ತು. ಹೆದರಿ ಉಚ್ಚೆ ಹೊಯ್ದಿದ್ದಳು. ಸುಟ್ಟ ಕೂದಲಿನ ವಾಸನೆ ವರ್ಕ್‌ಶಾಪಿನಲ್ಲಿ ನನಗೆ ಹೊಸದಲ್ಲ. ಆದರೆ ಆ ದಿನ ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟುವ ತನಕ ಅದು ನನ್ನ ಕೈಯಿಂದ ಹೋಗಲಿಲ್ಲ.

ಗಂಟು ಕರಗಲಿಲ್ಲ. ಮೇಲಿನ ತೊಗಲು ಕಿತ್ತು ಹುಣ್ಣಾಯಿತು, ನೊಣ ಮುತ್ತಿತು. ದಿನಕ್ಕೆ ಎರಡು ಸಲ ತೊಳೆದು ಮುಲಾಮು ಹಚ್ಚಿ, ಅದು ಮಾಯಲು ಸಂಕ್ರಾಂತಿ ಬಂತು. ಆ ಎರಡು ತಿಂಗಳು ಗಡ್ಡೆ ಒಳಗೊಳಗೇ ಬೆಳೆಯಿತು.

ಇಲ್ಲಿ ಒಂದು ಮಾತು ನನ್ನ ಕಸುಬಿನಿಂದ ಹೇಳಬೇಕು. ಮಬ್ಬುಗೆಂಪಿಗೆ ತಿರುಗಿದ ಕಬ್ಬಿಣ 600 ಡಿಗ್ರಿ ದಾಟಿರುತ್ತದೆ. ಅದು ತೊಗಲಿಗೆ ತಾಗಿದ ಕ್ಷಣದಲ್ಲಿ ತೊಗಲು ಸುಡುತ್ತದೆ, ಆದರೆ ಒಂದು ಬೆರಳು ಕೆಳಗೆ ನಾಯಿಯ ಮೈ ತನ್ನ ಎಂದಿನ 38-39 ಡಿಗ್ರಿಯಲ್ಲೇ ಇರುತ್ತದೆ. ಗಡ್ಡೆ ಇರುವುದು ಅಲ್ಲಿ. ದಪ್ಪ ಕಬ್ಬಿಣ ಒಳಗಿನ ತನಕ ಕಾಯಲು ಹೊತ್ತು ಬೇಕೆಂದು 34 ವರ್ಷ ಹುಡುಗರಿಗೆ ಕಲಿಸಿದವನು ನಾನು. ನನ್ನ ನಾಯಿಯ ಕಾಲಿನ ವಿಷಯದಲ್ಲಿ ಅದು ನೆನಪಾಗಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ತಡೆಯಲಾಗುವುದಿಲ್ಲ.

ಹುಣ್ಣು ಮಾಯ್ದ ಮೇಲೆ ಬೇರೆ ಪಶುವೈದ್ಯರು ನೋಡಿದರು. ಸಣ್ಣ ಸೂಜಿಯಿಂದ ಗಂಟಿನೊಳಗಿನ ರಸ ಎಳೆದು ಗಾಜಿನ ಮೇಲೆ ಹರಡಿ ನೋಡಿದರು, ಎದೆಯ ಎಕ್ಸ್‌ರೇ ತೆಗೆಸಿದರು, ಶಿವರಾತ್ರಿಯ ಆಸುಪಾಸಿಗೆ ಶಸ್ತ್ರಚಿಕಿತ್ಸೆ ಮಾಡಿದರು. ತೆಗೆದ ಗಡ್ಡೆಯ ವರದಿಯಲ್ಲಿ 'ಸಾಫ್ಟ್ ಟಿಶ್ಯೂ ಸಾರ್ಕೋಮಾ, ಗ್ರೇಡ್ 2' ಎಂದಿತ್ತು. ಅಂದರೆ ಸ್ನಾಯು, ಕೊಬ್ಬು, ನರದ ಸುತ್ತಲಿನ ಮೆತ್ತಗಿನ ಅಂಗಾಂಶದಲ್ಲಿ ಹುಟ್ಟುವ ಕ್ಯಾನ್ಸರ್. ಗ್ರೇಡ್ ಅಂದರೆ ಅದು ಎಷ್ಟು ಉಗ್ರ ಎಂಬುದರ ಅಳತೆ. ಅದರ ಕೆಳಗೆ ಇನ್ನೊಂದು ಸಾಲು: ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳು ಉಳಿದಿವೆ.

ಆ ಸಾಲಿನ ಅರ್ಥವನ್ನು ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಈ ಜಾತಿಯ ಗಡ್ಡೆ ಮೇಲೆ ನೋಡಿದರೆ ಚೀಲದೊಳಗೆ ಕೂತಂತೆ ದುಂಡಗೆ ಕಾಣುತ್ತದೆ. ಚೀಲ ಸಮೇತ ಬಿಡಿಸಿಕೊಂಡರೆ ಮುಗಿಯಿತು ಅನಿಸುತ್ತದೆ. ಆದರೆ ಆ ಚೀಲವೇ ಗಡ್ಡೆಯ ಕೋಶಗಳಿಂದ ಆದದ್ದು. ಅಲ್ಲಿಂದ ಕರಕಿಯ ಬೇರಿನಂತೆ ಎಳೆಗಳು ಸುತ್ತಲಿನ ಮಾಂಸಕ್ಕೆ ಹೋಗಿರುತ್ತವೆ. ಕರಕಿ ತೆಗೆಯುವುದು ಎಂದರೇನೆಂದು ಎರಿ ಹೊಲದಲ್ಲಿ ದುಡಿದವರಿಗೆ ನಾನು ಹೇಳಬೇಕಿಲ್ಲ. ಬೆನ್ನಿನ ಮೇಲಾದರೆ ಸುತ್ತ ಅಗಲವಾಗಿ ಕತ್ತರಿಸಬಹುದು. ಮುಂಗಾಲಿನಲ್ಲಿ ಮಾಂಸವೇ ಇಲ್ಲ. ತೊಗಲು, ನರ, ಎಲುಬು, ಅಷ್ಟೇ. ಈ ಕ್ಯಾನ್ಸರು ಗ್ರೇಡ್ ಕಡಿಮೆಯಿದ್ದಾಗ ಪುಪ್ಪುಸಕ್ಕೆ ಹರಡುವುದು ಕಡಿಮೆ, ಇದ್ದ ಜಾಗದಲ್ಲೇ ಮತ್ತೆ ಮತ್ತೆ ಏಳುವುದು ಅದರ ಗುಣ. ಹಾಗಾಗಿ ಅಂಚಿನಲ್ಲಿ ಉಳಿದದ್ದನ್ನು ಕೊಲ್ಲಲು ಆ ಜಾಗಕ್ಕೆ ಕಿರಣ ಚಿಕಿತ್ಸೆ ಕೊಡುತ್ತಾರೆ. ನಮ್ಮ ಜನ 'ಕರೆಂಟ್ ಕೊಡೋದು' ಅನ್ನುವುದು ಇದಕ್ಕೇ. "ಎಲ್ಲಿ ಕೊಡಸೋಣ್ರೀ?" ಎಂದು ಕೇಳಿದೆ. ವೈದ್ಯರು ಪೆನ್ನು ಕೆಳಗಿಟ್ಟು ಸುಮ್ಮನಾದರು.

ನಮ್ಮ ಮಗಳು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿ ಊರಿನಲ್ಲಿದ್ದಾಳೆ. ಫೋನಿನಲ್ಲಿ ವರದಿ ಓದಿ ಹೇಳಿದೆ. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿ, "ಅಪ್ಪಾ, ಇದು ನಿಮ್ಮ ಭಟ್ಟಿ ಕೆಲಸದಂಗs ಐತಿ ನೋಡ್ರಿ" ಅಂದಳು. ಆ ಊರಿನಲ್ಲೇ ಇರುವ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು, ಪಕ್ಕದ ಡರ್ಹಮ್ ಊರಿನ ಡ್ಯೂಕ್ ವಿಶ್ವವಿದ್ಯಾಲಯದವರ ಜೊತೆ ಸೇರಿ, ನಾಯಿಗಳ ಇದೇ ಸಾರ್ಕೋಮಾಕ್ಕೆ ಕಿರಣದ ಜೊತೆ ಕಾವನ್ನೂ ಕೊಟ್ಟು ಬಹಳ ವರ್ಷ ಕೆಲಸ ಮಾಡಿದ್ದಾರಂತೆ. ಅಂದಿನಿಂದ ಸುಮಾರು ಒಂದು ತಿಂಗಳು ರಾತ್ರಿ ಅವಳು ಓದಿ ತಿಳಿಸುವುದು, ನಾನು ವಹಿಯಲ್ಲಿ ಬರೆದುಕೊಳ್ಳುವುದು. ಆ ವಹಿ ನೋಡಿಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಕಿರಣಕ್ಕೆ ಕಾವು ಯಾಕೆ ಜೊತೆಯಾಗುತ್ತದೆ? ಕಿರಣ ಕೋಶದೊಳಗಿನ ಡಿಎನ್‌ಎ ಎಳೆಯನ್ನು ಕತ್ತರಿಸುತ್ತದೆ. ಆ ಕಡಿತ ಗಟ್ಟಿಯಾಗಿ ನಿಲ್ಲಲು ಆಮ್ಲಜನಕ ಬೇಕು. ಆದರೆ ಗಡ್ಡೆಯ ಒಳಗೆ ರಕ್ತನಾಳಗಳು ನೆಟ್ಟಗಿರುವುದಿಲ್ಲ. ಅವಸರದಲ್ಲಿ ಎದ್ದ ಬಡಾವಣೆಯ ನಳದ ಪೈಪಿನಂತೆ, ಕೆಲವು ಕಡೆ ನೀರು ಮುಟ್ಟುವುದೇ ಇಲ್ಲ. ರಕ್ತ ಮುಟ್ಟದ ಆ ಮೂಲೆಯ ಕೋಶಗಳು ಆಮ್ಲಜನಕವಿಲ್ಲದೆ, ಆಹಾರವಿಲ್ಲದೆ, ಹುಳಿಯಲ್ಲಿ ಕುಳಿತಿರುತ್ತವೆ. ಕಿರಣಕ್ಕೆ ಜಗ್ಗದೆ ಉಳಿಯುವವು ಅವೇ. ಕಾವಿಗೆ ಮೊದಲು ಸಾಯುವವೂ ಅವೇ. ಇನ್ನು ಡಿಎನ್‌ಎಯನ್ನು ಎರಡಾಗಿ ನಕಲು ಮಾಡಿಕೊಳ್ಳುತ್ತಿರುವ ಹೊತ್ತಿನ ಕೋಶಗಳಿರುತ್ತವೆ. ಅವೂ ಕಿರಣಕ್ಕೆ ಗಟ್ಟಿ, ಕಾವಿಗೆ ಮೆತ್ತಗೆ. ಉಳಿದ ಕೋಶಗಳಲ್ಲೂ ಕಿರಣದಿಂದ ಹರಿದ ಎಳೆಯನ್ನು ಹೊಲಿದುಕೊಳ್ಳುವ ಪ್ರೋಟೀನುಗಳು ಕಾವಿಗೆ ಕೆಡುತ್ತವೆ. ಹದವಾದ ಕಾವಿಗೆ ಗಡ್ಡೆಯಲ್ಲಿ ರಕ್ತ ಸಂಚಾರ ಹೆಚ್ಚಿ ಆಮ್ಲಜನಕವೂ ಒಂದಿಷ್ಟು ಒಳಗೆ ಹೋಗುತ್ತದೆ. ಇದನ್ನೆಲ್ಲ ಕೇಳುವಾಗ ನನಗೆ ನಮ್ಮ ಶಾಪಿನ ಜಂಗು ಹಿಡಿದ ನಟ್ಟು ನೆನಪಾಯಿತು. ಬರೀ ಪಾನಾ ಹಾಕಿದರೆ ಬರುವುದಿಲ್ಲ, ಬರೀ ಕಾಸಿದರೂ ಬರುವುದಿಲ್ಲ. ಕಾಸಿ, ಆರುವುದರೊಳಗೆ ಪಾನಾ ಹಾಕಬೇಕು.

ಎಷ್ಟು ಕಾವು ಎಂಬುದು ಮುಂದಿನ ಪ್ರಶ್ನೆ. ಗಡ್ಡೆಗೆ 41ರಿಂದ 43 ಡಿಗ್ರಿ, ಸುಮಾರು ಒಂದು ತಾಸು. ಅಷ್ಟೇ! ನಮ್ಮ ಸ್ನಾನದ ಹಂಡೆಯ ನೀರು ಅದಕ್ಕಿಂತ ಬಿಸಿ ಇರುತ್ತದೆ. ಆದರೆ ಆ ಅಷ್ಟರಲ್ಲೇ ಒಂದೊಂದು ಡಿಗ್ರಿಗೂ ಬೆಲೆ ಇದೆ. 1984ರಲ್ಲಿ ಸಪರೆಟೊ, ಡ್ಯೂಯಿ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ಅಳತೆ ಕಟ್ಟಿದರು. ಕಾಳು ಅಳೆಯುವ ಸೇರಿನಂತೆ, 43 ಡಿಗ್ರಿಯಲ್ಲಿ ಒಂದು ನಿಮಿಷ ಎಂಬುದು ಒಂದು ಅಳತೆ. ಕಾವು 44ಕ್ಕೆ ಏರಿದರೆ ಅರ್ಧ ನಿಮಿಷ ಸಾಕು. 42ಕ್ಕೆ ಇಳಿದರೆ ನಾಲ್ಕು ನಿಮಿಷ ಬೇಕು. 41 ಆದರೆ ಹದಿನಾರು. ಅಂದರೆ 42 ಡಿಗ್ರಿಯಲ್ಲಿ ಒಂದು ತಾಸು ಹಿಡಿದರೂ 43ರ ಲೆಕ್ಕದಲ್ಲಿ ಅದು ಹದಿನೈದೇ ನಿಮಿಷ. ಇದನ್ನು ಕೇಳಿದ ರಾತ್ರಿ ನಾನು ಬಹಳ ಹೊತ್ತು ಎದ್ದು ಕೂತಿದ್ದೆ. ಉಪ್ಪಿನ ಗಂಟು ನನ್ನ ಅಂಗೈಗೆ ಬಿಸಿ ಹತ್ತುತ್ತಿತ್ತು. ಅದರಲ್ಲಿ ಎಷ್ಟು ಒಳಗೆ ಇಳಿಯಿತು, ಎಷ್ಟು ಹೊತ್ತು ನಿಂತಿತು ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಭಟ್ಟಿಗೆ ಒಂದು ಸಲಕ್ಕೆ ಹತ್ತಾರು ಸ್ಪ್ರಿಂಗ್ ಹಾಕಿದಾಗ ನಡುವಿನವು ಬೇಗ ಕೆಂಪಾಗುತ್ತವೆ, ಬಾಗಿಲ ಕಡೆಯವು ಹಿಂದೆ ಬೀಳುತ್ತವೆ. ನಡುವಿನದನ್ನು ನೋಡಿ ಹೊರತೆಗೆದರೆ ಬಾಗಿಲ ಕಡೆಯದು ಮುಂದೊಂದು ದಿನ ಹಳಿಯ ಮೇಲೆ ಮುರಿಯುತ್ತದೆ. ಆದ್ದರಿಂದ ನಾವು ಯಾವಾಗಲೂ ತಣ್ಣನೆಯ ಮೂಲೆಯ ಲೆಕ್ಕ ಹಿಡಿಯುತ್ತಿದ್ದೆವು. ಆ ಪಶುವೈದ್ಯರೂ ಅದನ್ನೇ ಮಾಡಿದ್ದಾರೆ. ನಾಯಿಗೆ ಅರಿವಳಿಕೆ ಕೊಟ್ಟು, ಗಡ್ಡೆಯೊಳಗೆ ಸಣ್ಣ ನಳಿಕೆ ಇಳಿಸಿ, ಅದರಲ್ಲಿ ಕೂದಲೆಳೆಯಂಥ ಉಷ್ಣಮಾಪಕ ಜಾರಿಸಿ ಹಲವು ಜಾಗದ ಬಿಸಿ ಅಳೆಯುತ್ತಾರೆ. ಮೇಲೆ ಮೈಕ್ರೋವೇವ್ ಕೊಡುವ ಉಪಕರಣ. ಅದಕ್ಕೂ ತೊಗಲಿಗೂ ನಡುವೆ ತೊಗಲು ಸುಡದಂತೆ ನೀರಿನ ಚೀಲ. ಅಳೆದ ಜಾಗಗಳಲ್ಲಿ ನೂರಕ್ಕೆ ತೊಂಬತ್ತು ಜಾಗಗಳು ಯಾವ ಬಿಸಿಯನ್ನು ಮುಟ್ಟಿವೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಎಲ್ಲಕ್ಕಿಂತ ಬಿಸಿಯಾದ ಜಾಗವನ್ನಲ್ಲ.

ಹೀಗೆ ಅಳೆದು ಅವರು 122 ನಾಯಿಗಳಿಗೆ ಚಿಕಿತ್ಸೆ ಮಾಡಿ 2005ರಲ್ಲಿ ಫಲ ಪ್ರಕಟಿಸಿದರು. ಎಲ್ಲಕ್ಕೂ ಕಿರಣ ಚಿಕಿತ್ಸೆ ಇತ್ತು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ ಅಳತೆಯಲ್ಲಿ 2ರಿಂದ 5 ನಿಮಿಷದಷ್ಟು ಕಡಿಮೆ ಕಾವು, ಇನ್ನೊಂದಕ್ಕೆ 20ರಿಂದ 50 ನಿಮಿಷದಷ್ಟು ಹೆಚ್ಚು ಕಾವು. ಹೆಚ್ಚು ಕಾವು ಪಡೆದ ನಾಯಿಗಳಲ್ಲಿ ಗಡ್ಡೆ ಇದ್ದ ಜಾಗದಲ್ಲಿ ಮತ್ತೆ ಏಳದೆ ಹೆಚ್ಚು ಕಾಲ ನಿಂತಿತು. ಎರಡೂ ಗುಂಪಿಗೆ ಕಾವು ಮುಟ್ಟಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಕಾವು ಕೊಟ್ಟರೋ ಇಲ್ಲವೋ ಎಂಬುದಲ್ಲ, ಎಷ್ಟು ಕೊಟ್ಟರು ಎಂಬುದೇ ಫಲ ಬದಲಿಸಿತು.

ಅದೇ 2005ರಲ್ಲಿ ಡ್ಯೂಕ್‌ನವರು ಮನುಷ್ಯರ ಮೇಲ್ಮೈ ಗಡ್ಡೆಗಳಿಗೆ, ಹೆಚ್ಚಾಗಿ ಸ್ತನ ಕ್ಯಾನ್ಸರ್ ತೆಗೆದ ಮೇಲೆ ಎದೆಯ ಗೋಡೆಯಲ್ಲಿ ಮತ್ತೆ ಎದ್ದವುಗಳಿಗೆ, ಇದೇ ಬಗೆಯ ಅಳತೆಯಿಂದ ಮಾಡಿದ ಪರೀಕ್ಷೆಯ ಫಲವೂ ಬಂತು. 109 ಜನ. ಬರೀ ಕಿರಣ ಪಡೆದವರಲ್ಲಿ ನೂರಕ್ಕೆ 42 ಮಂದಿಗೆ ಗಡ್ಡೆ ಪೂರ್ತಿ ಮಾಯವಾದರೆ, ಕಾವೂ ಸೇರಿದವರಲ್ಲಿ 66 ಮಂದಿಗೆ. ಅದಕ್ಕೂ ಮೊದಲು, 2000ದಲ್ಲಿ, ನೆದರ್ಲೆಂಡಿನವರು ಗರ್ಭಕಂಠದ ಕ್ಯಾನ್ಸರಿಗೆ ಕಿರಣದ ಜೊತೆ ಕಾವು ಕೊಟ್ಟಾಗ ಮೂರು ವರ್ಷ ಬದುಕಿ ಉಳಿದವರು ನೂರಕ್ಕೆ 27ರಿಂದ 51ಕ್ಕೆ ಏರಿದ್ದರು. ನಾಯಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರು ನಮ್ಮಲ್ಲಿ ಬಹಳ. ಮನೆಯ ಹೆಣ್ಣುಮಕ್ಕಳಿಗೆ ಬರುವ ಕಾಯಿಲೆಯ ಚಿಕಿತ್ಸೆಯೂ ನಾಯಿಯ ಚಿಕಿತ್ಸೆಯೂ ಒಂದೇ ಒಲೆಯ ಮೇಲೆ ಬೇಯುತ್ತಿವೆ ಎಂದು ಅವರಿಗೆ ನಾನು ಹೇಳುತ್ತೇನೆ. ನಾಯಿಗೆ ಕ್ಯಾನ್ಸರ್ ತಾನಾಗಿಯೇ ಬರುತ್ತದೆ, ನಮ್ಮ ಹಾಗೆ ವಯಸ್ಸಾದ ಮೇಲೆ, ನಮ್ಮದೇ ಮನೆಯ ಗಾಳಿಯಲ್ಲಿ. ಅದರಿಂದ ಕಲಿತದ್ದು ನಮಗೂ ಬಂದು ಮುಟ್ಟುತ್ತದೆ.

ಇದನ್ನು ಓದಿ ಯಾರಾದರೂ ನಾಯಿಯನ್ನು ಬಿಸಿಲಿಗೆ ಕಟ್ಟಿಯಾರು ಎಂಬ ಭಯ ನನಗಿದೆ. ದಯವಿಟ್ಟು ಮಾಡಬೇಡಿ. ನಾಯಿಗೆ ನಮ್ಮಂತೆ ಮೈತುಂಬ ಬೆವರಿಲ್ಲ, ತೇಕಿ ತೇಕಿ ಬಿಸಿ ಹೊರಹಾಕಬೇಕು. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದರ ಮೈಯೆಲ್ಲ 41 ದಾಟಿದರೆ ಜೀವಕ್ಕೇ ಅಪಾಯ. ಇಡೀ ಮೈ ಕಾಯಿಸಿದರೆ ಹೇಗೆ ಎಂದು ರಾಲಿಯ ಅದೇ ಪಶುವೈದ್ಯರು ಎಲ್ಲ ಎಚ್ಚರಿಕೆಯೊಂದಿಗೆ ಒಮ್ಮೆ ಮಾಡಿ ನೋಡಿದ್ದಾರೆ. 1996ರಲ್ಲಿ ಬಂದ ಫಲದ ಪ್ರಕಾರ ಬರೀ ಗಡ್ಡೆಯನ್ನು ಕಾಯಿಸಿದ್ದಕ್ಕಿಂತ ಅದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಅಳೆದು ಕೊಟ್ಟ ಕಾವಿನಿಂದಲೂ ಕೆಲವೊಮ್ಮೆ ತೊಗಲಿಗೆ ಬೊಕ್ಕೆ, ಸುಟ್ಟ ಗಾಯ ಆಗುವುದುಂಟು. ಪುಪ್ಪುಸಕ್ಕೆ ಆಗಲೇ ಹರಡಿದ್ದನ್ನು ಕಾಲಿಗೆ ಕೊಟ್ಟ ಕಾವು ತಡೆಯುವುದಿಲ್ಲ. ಕಿರಣವೂ ಒಂದು ದಿನದ ಕೆಲಸವಲ್ಲ. ಪೂರ್ತಿ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ 15ರಿಂದ 20 ಸಲ, ಸೋಮವಾರದಿಂದ ಶುಕ್ರವಾರ, ಪ್ರತಿ ಸಲವೂ ಅಲುಗದಂತೆ ಅರಿವಳಿಕೆ. ಖರ್ಚು, ಓಡಾಟ ದೊಡ್ಡದು. ಎಲ್ಲ ನಾಯಿಗೂ ಇದು ಆಗಬೇಕೆಂದು ನಾನು ಹೇಳುತ್ತಿಲ್ಲ.

ಎಲ್ಲ ಗಂಟೂ ಒಂದೇ ಅಲ್ಲ ಎಂಬುದನ್ನಂತೂ ಹೇಳಲೇಬೇಕು. ನಮ್ಮ ವರ್ಕ್‌ಶಾಪ್ ಗೇಟಿನ ಹತ್ತಿರದ ಚಹಾದ ಅಂಗಡಿಯ ಮುಂದೆ ಒಂದು ಕರಿಯ ಬೀದಿ ನಾಯಿ ಇದೆ. ಅದರ ಹಿಂಭಾಗದಿಂದ ರಕ್ತ ತೊಟ್ಟಿಕ್ಕುತ್ತಿತ್ತು, ಹೂಕೋಸಿನಂಥ ಗಡ್ಡೆ. ಎಲ್ಲರೂ ಕಲ್ಲು ಹೊಡೆದು ಓಡಿಸುತ್ತಿದ್ದರು. ಚಿಗರಿಯ ವೈದ್ಯರಿಗೆ ತೋರಿಸಿದೆವು. ಅದು ಕೂಡುವಾಗ ನಾಯಿಯಿಂದ ನಾಯಿಗೆ ಹರಡುವ ಬೇರೆ ಜಾತಿಯ ಕ್ಯಾನ್ಸರ್, ನಮ್ಮ ಬೀದಿ ನಾಯಿಗಳಲ್ಲಿ ಸಾಮಾನ್ಯ. ವಾರಕ್ಕೊಂದರಂತೆ ಐದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಆಯಿತು. ಗಡ್ಡೆ ಉದುರಿ ಹೋಯಿತು. ಈಗ ಅದು ಅಂಗಡಿಯ ಬೆಂಚಿನ ಕೆಳಗೆ ಮಲಗುತ್ತದೆ, ಕಲ್ಲು ಹೊಡೆಯುತ್ತಿದ್ದ ಹುಡುಗರೇ ಬ್ರೆಡ್ ಹಾಕುತ್ತಾರೆ. ಅದಕ್ಕೆ ಚಾಕು ಬೇಡ, ಕಿರಣ ಬೇಡ. ಚಿಗರಿಯ ಗಡ್ಡೆಗೆ ಆ ಇಂಜೆಕ್ಷನ್ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಯಾವುದು ಯಾವುದೆಂದು ಮೊದಲು ಹೇಳುವುದು ಒಂದು ಸಣ್ಣ ಸೂಜಿ ಮತ್ತು ಒಂದು ಗಾಜಿನ ಪಟ್ಟಿ. ಕೆಲವು ಸಲ ಸಾರ್ಕೋಮಾದಲ್ಲಿ ಸೂಜಿಗೆ ಕೋಶ ಸಾಕಷ್ಟು ಬರುವುದಿಲ್ಲ, ಆಗ ಚೂರು ಮಾಂಸ ತೆಗೆದು ನೋಡಬೇಕಾಗುತ್ತದೆ. ಅದೂ ಆಗಲಿ. ಆದರೆ ಬೆರಳಿನಿಂದ ಒತ್ತಿ ಕೊಬ್ಬೋ ಕ್ಯಾನ್ಸರೋ ಹೇಳಲು ಯಾರಿಗೂ ಬರುವುದಿಲ್ಲ.

ಚಿಗರಿಯ ಕಥೆ ಮುಗಿಸುತ್ತೇನೆ. ಶಸ್ತ್ರಚಿಕಿತ್ಸೆಯಾದ ಎಂಟು ತಿಂಗಳಿಗೆ, ಮತ್ತೆ ದಸರೆಯ ಹೊತ್ತಿಗೆ, ಹೊಲಿಗೆಯ ಗೆರೆಯ ಮೇಲೆಯೇ ಗಂಟು ಎದ್ದಿತು. ಪ್ರತಿ ಭಾನುವಾರ ನಮ್ಮ ಮನೆಯವರ ಹೊಲಿಗೆ ಟೇಪಿನಿಂದ ಕಾಲಿನ ಸುತ್ತಳತೆ ತೆಗೆದು ವಹಿಯಲ್ಲಿ ಬರೆಯುತ್ತಿದ್ದೆ. 14 ಸೆಂಟಿಮೀಟರ್, 15, 16ವರೆ, 18. ಕಿರಣ ಕೊಡಿಸಲು ಅಲ್ಲಿ ಇಲ್ಲಿ ಕೇಳಿ ಫೋನ್ ಮಾಡಿದ್ದರಲ್ಲಿ ಮೂರು ವಾರ ಹೋಯಿತು. ಕೊನೆಗೆ ವೈದ್ಯರು ನನ್ನ ಹೆಗಲ ಮೇಲೆ ಕೈಯಿಟ್ಟು, "ಕಾಲು ತಗದುಬಿಡೋಣ್ರಿ ಯಜಮಾನ್ರ. ನಾಯಿ ಮೂರು ಕಾಲ ಮ್ಯಾಲೆ ಛಲೋ ಅಡ್ಡಾಡ್ತಾವು. ತಡಾ ಮಾಡೂದು ಬ್ಯಾಡ" ಅಂದರು. ದೀಪಾವಳಿಯ ಮುಂಚೆ ಹೆಗಲಿನಿಂದ ಕಾಲು ತೆಗೆದರು. ಓಡುವುದಕ್ಕೇ ಹುಟ್ಟಿದ ತಳಿ ಅದು. ಕೇಂದ್ರ ಸರಕಾರ 2005ರಲ್ಲಿ ಅಂಚೆಚೀಟಿಯಲ್ಲಿ ಮುದ್ರಿಸಿದ ನಾಯಿ. ಅದರ ಕಾಲು ಒಂದು ಹಸಿರು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟಿದ್ದನ್ನು ನಾನು ನೋಡಿದೆ. ಬರೆಯ ಮೂರು ಗೆರೆಗಳು ಅದರ ಮೇಲೆ ಇನ್ನೂ ಇದ್ದವು.

ನಾಲ್ಕನೆಯ ದಿನ ಅವಳು ತಾನಾಗಿ ಎದ್ದು ನೀರಿನ ಬೋಗುಣಿಯ ತನಕ ಹೋದಳು. ಈಗ ಹನ್ನೊಂದು ತುಂಬಿದೆ. ಮೊನ್ನೆಯ ಎಕ್ಸ್‌ರೇಯಲ್ಲಿ ಎದೆ ಸ್ವಚ್ಛವಿದೆ. ಕಾಲು ತೆಗೆದದ್ದು ತಪ್ಪೆಂದು ನಾನು ಹೇಳುವುದಿಲ್ಲ, ಅವಳ ಜೀವ ಅದರಿಂದ ಉಳಿದಿದೆ. ಶೇಂಗಾ ಕಾಳಿನಷ್ಟಿದ್ದಾಗ ಸೂಜಿ ಹಾಕಿಸಿದ್ದರೆ, ಅಂಚಿನಲ್ಲಿ ಉಳಿದದ್ದಕ್ಕೆ ಕಿರಣ ಕೊಡುವ ಜಾಗ ಒಂದಿದ್ದರೆ, ಕಾಲೂ ಉಳಿಯುವ ಸಾಧ್ಯತೆ ಇತ್ತು ಎಂಬುದೇ ನನ್ನ ಸಂಕಟ.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುವುದಿಷ್ಟು. ನಮ್ಮ ಭಾಗಕ್ಕೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಬಂದಿದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದೇ ತಳಿಗಾಗಿ ಶ್ವಾನ ಸಂಶೋಧನಾ ಕೇಂದ್ರವಿದೆ. ಎರಡೂ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೇ ಬರುತ್ತವೆ. ಹುಬ್ಬಳ್ಳಿಯ ನವನಗರದಲ್ಲಿ ಮನುಷ್ಯರ ಕ್ಯಾನ್ಸರ್ ಆಸ್ಪತ್ರೆ ಇದೆ, ಕಿರಣದ ಲೆಕ್ಕ ಬಲ್ಲವರು ನಮ್ಮ ಊರಿನಲ್ಲೇ ಇದ್ದಾರೆ ಎಂದಾಯಿತು. ಮನುಷ್ಯರ ಪಾಳಿಯಲ್ಲಿ ನಾಯಿಯನ್ನು ನಿಲ್ಲಿಸಿ ಎಂದು ನಾನು ಎಂದಿಗೂ ಕೇಳುವುದಿಲ್ಲ. ಅಲ್ಲಿ ಬೆಳಗಿನ ಜಾವ ಬಂದು ಕುಳಿತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗದಗಿನ ಕಾಲೇಜಿನಲ್ಲೇ ಪ್ರಾಣಿಗಳಿಗಾಗಿ ಒಂದು ಕಿರಣ ಚಿಕಿತ್ಸೆಯ ಕೋಣೆ, ಅದರ ಜೊತೆಗೆ ಕಾವು ಕೊಟ್ಟು ಅಳೆಯುವ ಉಪಕರಣ ಬರಲಿ. ಅದಕ್ಕೆ ದಪ್ಪ ಗೋಡೆ ಬೇಕು, ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ತರಬೇತಾದ ಜನ ಬೇಕು. ವರ್ಷಗಳು ಹಿಡಿಯುತ್ತವೆ ಎಂದು ಗೊತ್ತಿದೆ. ಇಂದು ಕೇಳದಿದ್ದರೆ ಆ ವರ್ಷಗಳು ಶುರುವಾಗುವುದೇ ಇಲ್ಲ.

ಅಲ್ಲಿಯ ತನಕ ವರ್ಷಗಟ್ಟಲೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪ್ರತಿ ತಾಲ್ಲೂಕಿನ ದನದ ದವಾಖಾನಿಯಲ್ಲಿ ನಾಯಿಯ ಗಂಟಿಗೆ ಸೂಜಿ ಹಾಕಿ ಗಾಜಿನ ಪಟ್ಟಿ ಮಾಡಿ ಗದಗಿನ ಕಾಲೇಜಿಗೆ ಕಳಿಸುವ ಪದ್ಧತಿ ಆಗಲಿ. ಗೋಡೆಯ ಮೇಲೆ ಒಂದು ಸಾಲು ಬರೆಸಲಿ: ಗಂಟು ಕಂಡರೆ ಬರೆ ಹಾಕಿಸಬೇಡಿ, ಇಲ್ಲಿಗೆ ತನ್ನಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅದಕ್ಕೆ ಹೆದರಿ ಯಾರೂ ಬರೆ ಬಿಡುವುದಿಲ್ಲ. ಬರೆ ಕೊಡುವವರೂ ಕೆಟ್ಟವರಲ್ಲ. ನನ್ನಿಂದ ಅವರು ಒಂದು ತೆಂಗಿನಕಾಯಿ ಬಿಟ್ಟು ಏನನ್ನೂ ತೆಗೆದುಕೊಳ್ಳಲಿಲ್ಲ. ಅವರಿಗೂ ಯಾರಾದರೂ ಕೂತು ತಿಳಿಸಿ ಹೇಳಬೇಕು.

ಕುಂದಗೋಳದ ಆ ರೈತರಿಗೆ ಮರುದಿನ ಬೆಳಿಗ್ಗೆಯೇ ಫೋನ್ ಮಾಡಿದೆ. ಅಮಾವಾಸ್ಯೆಗೆ ಕಾಯಲಿಲ್ಲ ಅವರು. ಗುರುವಾರ ನಾಯಿಯನ್ನು ಟಂಟಂ ಹತ್ತಿಸಿಕೊಂಡು ಹುಬ್ಬಳ್ಳಿಗೆ ತಂದರು, ನಾನೂ ಜೊತೆಗೆ ಹೋದೆ. ಸೂಜಿ ಹಾಕಿದ್ದಾರೆ, ವರದಿ ಇನ್ನೂ ಬರಬೇಕು. ಅವರದು ಮೂರು ವರ್ಷದ ಹೊಲ ಕಾಯುವ ನಾಯಿ, ಗಂಟು ಇನ್ನೂ ಬಾರಿಕಾಯಿಯಷ್ಟೇ ಇದೆ.

ಗದಗಿನ ಕಾಲೇಜಿನವರು ಯಾರಾದರೂ ಇದನ್ನು ಓದಿದರೆ, ಚಿಗರಿಯ ಎರಡೂ ವರದಿ, ಎಕ್ಸ್‌ರೇಗಳು, ವಾರ ವಾರದ ಸುತ್ತಳತೆ ಬರೆದ ವಹಿ ನನ್ನ ಹತ್ತಿರ ಇವೆ. ಪತ್ರಿಕೆಯ ಕಚೇರಿಗೆ ನನ್ನ ವಿಳಾಸ ಕೊಟ್ಟಿದ್ದೇನೆ. ಹುಬ್ಬಳ್ಳಿಯಿಂದ ಗದಗಿಗೆ ಒಂದು ತಾಸಿನ ಹಾದಿ. ಕರೆದ ದಿನ ಎಲ್ಲವನ್ನೂ ತರುತ್ತೇನೆ, ಚಿಗರಿಯನ್ನೂ ಕರೆತರುತ್ತೇನೆ. ಅವಳ ಹೆಗಲ ಮೇಲಿನ ಹೊಲಿಗೆಯನ್ನು ವಿದ್ಯಾರ್ಥಿಗಳು ಮುಟ್ಟಿ ನೋಡಲಿ, ಅವಳೇನೂ ಅನ್ನುವುದಿಲ್ಲ.

ನಿವೃತ್ತ ರೈಲ್ವೆ ಕಾರ್ಮಿಕ,
ಗದಗ ರಸ್ತೆ, ಹುಬ್ಬಳ್ಳಿ